ಬೀಗರು ಹಾಕಿಸಿದ ತಗಡಿನ ನೆರಳು

ನನ್ನ ಮೋಟರ್‌ಸೈಕಲ್ಲಿಗೆಂದು ಹರಿಹರದ ನಮ್ಮ ಬೀಗರು ತಮ್ಮ ಕಾಂಪೌಂಡಿನೊಳಗೆ ತಗಡಿನ ನೆರಳು ಹಾಕಿಸಿದ್ದಾರೆ ಎಂಬ ಸುದ್ದಿ ತಂದವಳು ನನ್ನ ಸೊಸೆ. ಬೀಗರೆಂದರೆ ಅವಳ ಅಪ್ಪ. ಗಾಡಿ ಆಗಲೂ ನನ್ನದೇ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಮುಂದೆ ನಿಂತಿತ್ತು, ಕೀಲಿ ನನ್ನ ಉಡಿದಾರದಲ್ಲಿತ್ತು. ನೆರಳು ಮಾತ್ರ ಹದಿನಾಲ್ಕು ಕಿಲೋಮೀಟರ್ ಆಚೆ ಅದಕ್ಕಾಗಿ ಕಾಯುತ್ತಿತ್ತು.

"ಗಾಳಿಗೆ ಹಾರಬಾರ್ದು ಅಂತ ನಾಕೂ ಕಡೆ ಬೋಲ್ಟ್ ಹಾಕ್ಸ್ಯಾರೆ ಮಾವಾರೆ," ಅಂದಳು. "ಕೆಳಗೆ ಎಣ್ಣೆ ಸೋರಿದ್ರೆ ಇರ್ಲಿ ಅಂತ ಮರಳೂ ಹಾಕ್ಯಾರೆ."

ಮರಳಿನ ಮಾತು ನನ್ನ ಎದೆಗೆ ನಾಟಿತು. ತಗಡು ಹಾಕಿಸಿದ್ದು ಆಸೆ. ಮರಳು ಹಾಕಿಸಿದ್ದು ಅವಮಾನ.

ತಪ್ಪು ನನ್ನ ಬಾಯಿಯದು. ಮಗನ ಮದುವೆಯ ಮಾರನೆಯ ದಿನ ಬೀಗರ ಊಟದಲ್ಲಿ ಎರಡೂ ಕಡೆಯ ಜನ ಎಲೆ ಮುಂದೆ ಕೂತಿದ್ದಾಗ, ನಮ್ಮ ಬೀಗರು ಗೇಟಿನ ಹತ್ತಿರ ನಿಂತಿದ್ದ ನನ್ನ ಗಾಡಿ ನೋಡಿ, "ಇದು ಇನ್ನೂ ಓಡ್ತೈತೇನ್ರಿ ಬೀಗ್ರೆ, ಇಲ್ಲ ತಳ್ಕಂಡು ಬಂದ್ರೊ?" ಎಂದು ಕೇಳಿದ್ದರು. ನಾನು ಬಾಯಲ್ಲಿದ್ದ ತುತ್ತನ್ನೂ ನುಂಗದೆ ಘೋಷಿಸಿದೆ: "ನನ್ ಗಾಡಿ ತಳ್ಳೋ ದಿನ ಬಂದ್ರೆ, ಅವತ್ತೇ ತಂದು ನಿಮ್ ಮನೆ ಬಾಗ್ಲಾಗೆ ನಿಲ್ಲಿಸ್ತೀನಿ ಬೀಗ್ರೆ. ನೀವೇ ಇಟ್ಕಳ್ರಿ." ಇಡೀ ಪಂಕ್ತಿ ಕೇಳಿಸಿಕೊಂಡಿತು. ಬಡಿಸುವವರೂ ಸೌಟು ಹಿಡಿದು ನಿಂತು ಕೇಳಿಸಿಕೊಂಡರು. ಬೀಗರ ಊಟದಲ್ಲಿ ಆಡಿದ ಮಾತನ್ನು ನಮ್ಮ ಕಡೆ ಯಾರೂ ಮರೆಯುವುದಿಲ್ಲ. ಉಪ್ಪು ಕಡಿಮೆಯಾದದ್ದನ್ನೇ ಮೂರು ತಲೆಮಾರು ನೆನಪಿಟ್ಟುಕೊಳ್ಳುವವರು, ಗಾಡಿ ಬಿಟ್ಟಾರೆಯೆ?

ನಮ್ಮಲ್ಲಿ ಬೀಗರ ನಡುವೆ ಒಂದು ಕಾಯಿದೆಯಿದೆ. ಎಷ್ಟು ಬೇಕಾದರೂ ಗೋಳು ಹೊಯ್ದುಕೊಳ್ಳಬಹುದು, ಹೆಚ್ಚು ಗೋಳು ಹೊಯ್ದರೆ ಹೆಚ್ಚು ಪ್ರೀತಿ ಅಂತಲೇ ಲೆಕ್ಕ. ಆದರೆ ಏಕವಚನ ಕೂಡದು. "ಬರ್ರಿ, ಕೂಡ್ರಿ, ನಿಮ್ ತಲೆ ಕೆಟ್ಟೈತೇನ್ರಿ" ಎಂದು ಕೈ ಮುಗಿದೇ ಬೈಯಬೇಕು. ಈ ಕಾಯಿದೆ ಮಾಡಿದ ಹಿರಿಯರು ನನ್ನಂಥವನನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿರಬೇಕು.

ಇನ್ನು ಗಾಡಿಗಳ ವಿಷಯ. ನಮ್ಮ ಎರಡು ಮನೆಗಳಲ್ಲಿ ಇರುವವು ಮೂರು, ಮೂರೂ ಎರಡು ಸಿಲಿಂಡರಿನವು. ಬೇರೆಯವರ ಮೋಟರ್‌ಸೈಕಲ್ಲಿಗೆ ಒಂದು ಸಿಲಿಂಡರಿದ್ದರೆ ಸಾಕು, ಅದು ಒಂದೆತ್ತಿನ ಬಂಡಿ. ನಮ್ಮವು ಜೋಡೆತ್ತು. ಜೋಡೆತ್ತು ಕಟ್ಟಿದವರಿಗೆ ಗೊತ್ತು, ಎರಡೂ ಒಂದೇ ಹೆಜ್ಜೆ ಹಾಕಿದರೆ ಸ್ವರ್ಗ. ಒಂದು ಎಳೆದು ಇನ್ನೊಂದು ಮಲಗಿದರೆ ಹೊಡೆಯುವವನ ಗತಿ ಏನು ಅಂತ ಕೇಳಬೇಡಿ.

ನನ್ನದು ಹಳೆಯ ಕಾಲದ ಟೂ ಸ್ಟ್ರೋಕ್. ನಾನು ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದಾಗ ಕೊಂಡದ್ದು. ಗಿರಣಿ ಮುಚ್ಚಿತು, ಗಾಡಿ ಮುಚ್ಚಲಿಲ್ಲ. ಮೊದಲು ಸಭ್ಯಸ್ಥನಂತೆ ಹೋಗುತ್ತದೆ. ಆಕ್ಸಿಲೇಟರ್ ಅರ್ಧ ದಾಟಿಸಿದರೆ ಬಾಲಕ್ಕೆ ಬೆಂಕಿ ಬಿದ್ದಂತೆ ಜಿಗಿಯುತ್ತದೆ. ಹಿಂದೆ ಕೂತವರು ಗಟ್ಟಿಯಾಗಿ ಹಿಡಿದುಕೊಳ್ಳದಿದ್ದರೆ ಕೂತ ಜಾಗದಲ್ಲೇ ಉಳಿಯುತ್ತಾರೆ, ಗಾಡಿ ಮುಂದೆ ಹೋಗಿರುತ್ತದೆ. ಬ್ರೇಕ್ ಎನ್ನುವುದು ಒಂದು ನಂಬಿಕೆ. ನಿಧಾನ ಹೋದರೆ ಅದಕ್ಕೆ ಆಗದು. ಎಡಗಡೆಯ ಪ್ಲಗ್ಗು ಎಣ್ಣೆಯಲ್ಲಿ ನೆಂದು ಮಲಗಿಬಿಡುತ್ತದೆ. ಅದಕ್ಕೇ ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಟ್ಟುಕೊಂಡರೆ ನಾನು ಎರಡು ಪ್ಲಗ್ಗು ಇಟ್ಟುಕೊಂಡಿರುತ್ತೇನೆ. ಬ್ಯಾಂಕಿನಲ್ಲಿ ಸಹಿ ಹಾಕುವಾಗ ಎಷ್ಟೋ ಸಲ ಪ್ಲಗ್ಗು ತೆಗೆದಿದ್ದೇನೆ.

ಹೊಗೆಯ ಬಗ್ಗೆ ಜನ ಆಡಿಕೊಳ್ಳುತ್ತಾರೆ. ಆದರೆ ನಮ್ಮ ಬೀದಿಗೆ ಹೊಸದಾಗಿ ಬಂದ ಒಂದು ಸಂಸಾರಕ್ಕೆ ನಾನು, "ಸೊಳ್ಳೆಗೆ ಹೊಗೆ ಬಿಡಾಕೆ ಕಾರ್ಪೊರೇಷನ್ನೋರು ನನ್ನ ನೇಮಿಸ್ಯಾರೆ, ಬೆಳಿಗ್ಗೆ ಕಿಟಕಿ ತಗದಿಡ್ರಿ" ಎಂದಿದ್ದೆ. ಪಾಪ, ಬಹಳ ದಿನ ತೆಗೆದಿಟ್ಟರು. ಇನ್ನೊಬ್ಬರು, "ಎರಡು ಸಿಲಿಂಡರ್ ಯಾಕ್ರಿ?" ಎಂದು ಕೇಳಿದಾಗ, "ಒಂದು ಹೋಗಾಕೆ, ಒಂದು ವಾಪಸ್ ಬರಾಕೆ" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

ಬೀಗರದು ಹೊಸದು, ಆರುನೂರೈವತ್ತು ಸಿಸಿ. ಹರಿಹರದಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಜೀವಮಾನವೆಲ್ಲ ಕಬ್ಬಿಣ ತೂಗಿದವರು, ಗಾಡಿಯನ್ನೂ ತೂಕ ನೋಡಿಯೇ ಕೊಂಡಿದ್ದಾರೆ. ಗುಂಡಿ ಒತ್ತಿದರೆ ಹೊತ್ತುತ್ತದೆ. ಅದರ ಸದ್ದು ದೊಡ್ಡ ಊಟ ಮಾಡಿದವರು ಪಡಸಾಲೆಯಲ್ಲಿ ಮಲಗಿ ಗೊರಕೆ ಹೊಡೆದಂತೆ ತೃಪ್ತಿಯದು. ಒಳ್ಳೆಯ ಗಾಡಿ, ಸುಳ್ಳು ಹೇಳಬಾರದು. ಆದರೆ ಸಂತೆಯ ಟ್ರಾಫಿಕ್ಕಿನಲ್ಲಿ ನಿಂತರೆ ಬಲಗಾಲಿಗೆ ಕೆಂಡದ ಕಾವು. ಮತ್ತೆ ಅದಕ್ಕೆ ಅತಿ ಬುದ್ಧಿ. ಸೈಡ್ ಸ್ಟ್ಯಾಂಡ್ ಇಳಿಸಿ ಗೇರು ಹಾಕಿದರೆ ತಾನೇ ಬಂದ್ ಆಗುತ್ತದೆ. ಹೊಸತರಲ್ಲಿ ಬೀಗರು ಇದು ಗೊತ್ತಿಲ್ಲದೆ ಅಂಗಡಿ ಮುಂದೆ ಬೆವರು ಸುರಿಸಿದ್ದರು. ಬಲಗೈ ಹತ್ತಿರ ಒಂದು ಕೆಂಪು ಸ್ವಿಚ್ಚಿದೆ, ಅದನ್ನು ಒತ್ತಿಟ್ಟರೆ ದೇವರು ಬಂದರೂ ಗಾಡಿ ಏಳದು. ನಮ್ಮ ಮನೆಗೆ ಬಂದಾಗಲೆಲ್ಲ ನಾನು ಅದನ್ನು ಒತ್ತಿಡುತ್ತಿದ್ದೆ. ಎರಡು ಸಲ ಮೋಸ ಹೋದರು, ಮೂರನೆಯ ಸಲ ಗಾಡಿ ಹತ್ತುವ ಮೊದಲೇ ಅದನ್ನು ನೋಡಿ ನನ್ನ ಕಡೆ ಹುಬ್ಬು ಹಾರಿಸಿದರು. ಅಂದಿನಿಂದ ನಾನು ಇನ್ನೂ ಆಳವಾದದ್ದನ್ನು ಯೋಚಿಸಬೇಕಾಯಿತು.

"ಎರಡು ಸಿಲಿಂಡರಿನ ಮಾತು ನಮಗೇ ಹೇಳ್ತೀರೇನ್ರಿ ಬೀಗ್ರೆ?" ಎನ್ನುತ್ತಿದ್ದರು ಅವರು. "ನಮ್ಮೂರ ದೇವ್ರನ್ನ ನೋಡ್ರಿ. ಅರ್ಧ ಹರಿ, ಅರ್ಧ ಹರ. ಮೈ ಒಂದು, ಶಕ್ತಿ ಎರಡು. ನಿಮ್ ದಾವಣಗೆರ‍್ಯಾಗೆ ಏನೈತೆ, ಬೆಣ್ಣೆ ದೋಸೆ."

ಮೂರನೆಯದು ನನ್ನ ಸೊಸೆಯದು. ಮುನ್ನೂರು ಸಿಸಿ, ವಿದೇಶಿ ತಳಿ. ಕಾಲೇಜಿನಲ್ಲಿ ಪಾಠ ಹೇಳುವ ಅವಳು ಅದರಲ್ಲೇ ಹೋಗಿಬರುತ್ತಾಳೆ. ಹೊಲಿಗೆ ಯಂತ್ರದಂತೆ ಸದ್ದು, ಎಣ್ಣೆ ಕುಡಿಯದು, ಹೊಗೆ ಬಿಡದು, ಕೋಪಿಸಿಕೊಳ್ಳದು. ಅದರ ದೋಷ ಅದೇ. ಅದರ ಬಗ್ಗೆ ಹೇಳಲು ಒಂದು ಕಥೆಯೂ ಇಲ್ಲ. ಒಮ್ಮೆ ಮಾತ್ರ ನಿಂತಲ್ಲೇ ವಾಲಿ ಬಿದ್ದು ಕ್ಲಚ್ಚಿನ ಹಿಡಿಕೆ ಮುರಿದಿತ್ತು. ಆ ಹಿಡಿಕೆ ಬರುವಷ್ಟರಲ್ಲಿ ನಮ್ಮ ಹಿತ್ತಿಲ ಕರಿಬೇವು ಒಂದು ಸಲ ಚಿಗುರಿತ್ತು. "ನನ್ ಗಾಡಿ ಕೆಟ್ರೆ ಹಾರ್ಡ್‌ವೇರ್ ಅಂಗಡೀಲಿ ಸಾಮಾನು ಸಿಕ್ತೈತೆ" ಎಂದು ನಾನು ಮೆರೆದೆ. "ಮಾವಾರೆ, ನನ್ ಗಾಡಿ ಕೆಡಲ್ಲ, ಬೀಳ್ತೈತೆ ಅಷ್ಟೆ. ನಿಮ್ದು ನಿಂತಲ್ಲೇ ಕೆಡ್ತೈತೆ" ಅಂದಳು. ಈ ನಾಲಿಗೆ ಹರಿಹರದಿಂದ ಬಂದದ್ದು.

ತಗಡಿನ ಸುದ್ದಿ ಬಂದ ಮೇಲಿನ ಭಾನುವಾರ ಬೀಗರು ಬೆಳಿಗ್ಗೆಯೇ ಬಂದರು. ಚಹಾ ಮುಗಿಯುವ ಮೊದಲೇ ವಿಷಯ ತೆಗೆದರು.

"ನೆರಳು ಖಾಲಿ ಐತೆ ಬೀಗ್ರೆ. ಯಾವಾಗ ಕಳಿಸ್ತೀರಿ?"

"ತಳ್ಳೋ ದಿನ ಬಂದ್ರೆ ಅಂದಿದ್ದೆ. ಬಂದಿಲ್ಲ."

"ನೀವು ಬೀದಿ ದಾಟಂಗಿಲ್ಲ, ಹೆಂಗ್ ಬರ್ತೈತೆ? ಬರ್ರಿ ಇವತ್ತು. ಇಲ್ಲಿಂದ ಕೊಂಡಜ್ಜಿ ಕೆರೆ, ಕೊಂಡಜ್ಜಿಯಿಂದ ನಮ್ಮನೆ. ನಿಮ್ಮನೆ ಅಕ್ಕಾರನ್ನೂ ಹಿಂದೆ ಕೂಡ್ರಿಸ್ಕಂಡು. ದಾರೀಲಿ ತಳ್ಳಂಗಿಲ್ಲ, ಪಾನಾ ಮುಟ್ಟಂಗಿಲ್ಲ, ಜೇಬಿನಾಗಿನ ಪ್ಲಗ್ಗು ತೆಗ್ಯಂಗಿಲ್ಲ. ನಮ್ಮನೆ ಗೇಟು ದಾಟಿದ್ರೆ ಗಾಡಿ ನಿಮ್ದು, ಇಲ್ಲಾಂದ್ರೆ ತಗಡಿನ ಕೆಳಗೆ."

"ನಿಮ್ದು ನಿಂತ್ರೆ?"

"ನಮ್ದು ನಿಲ್ಲಲ್ಲ."

"ನಿಂತ್ರೆ?"

ಬೀಗರು ಮೀಸೆ ಸವರಿದರು. "ನಿಂತ್ರೆ, ಹರಿಹರದ ಬಜಾರಿನಾಗೆ ನಿಮ್ ಹಿಂದೆ ಸೀರೆ ಉಟ್ಟೋರಂಗೆ ಒಂದೇ ಕಡೆ ಕಾಲು ಹಾಕಿ ಕೂತ್ಕಂಡು ಬರ್ತೀನಿ. ಸಾಕಾ?"

"ಯಾಕ, ಅದೇನು ಶಿಕ್ಷೇನಾ?" ಎಂದು ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. "ನಾನು ಲಗ್ನ ಆದಾಗಿಂದ ಹಂಗೇ ಕೂತ್ಕಂಡು ಬಂದೀನಿ."

ಇಬ್ಬರು ಗಂಡಸರೂ ಬಟ್ಟಲು ನೋಡಿಕೊಂಡು ಚಹಾ ಕುಡಿದೆವು.

ನನ್ನ ಹೆಂಡತಿಯ ಬಗ್ಗೆ ಇಲ್ಲಿ ಹೇಳಬೇಕು. ಅವಳ ತವರು ಹರಿಹರ ತಾಲೂಕಿನ ಕಡರನಾಯಕನಹಳ್ಳಿ. ಈ ಗಾಡಿಯಲ್ಲಿ ಅವಳನ್ನು ಮೊದಲ ಸಲ ತವರಿಗೆ ಕರೆದುಕೊಂಡು ಹೋದಾಗಲೇ ಎಡಗಡೆಯ ಪ್ಲಗ್ಗು ಮಲಗಿ, ನಾನು ಗದ್ದೆಯ ಬದುವಿನ ಮೇಲೆ ಕೂತು ತಿಕ್ಕಿದ್ದೆ. ಅವಳು ತಲೆ ಮೇಲೆ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದಳು. ಅಂದಿನಿಂದ ಇಂದಿನವರೆಗೆ ಕೂತು ಕೂತು, ಆ ಇಂಜಿನ್ನಿನ ಸದ್ದು ಅವಳಿಗೆ ನನ್ನ ಕೆಮ್ಮಿಗಿಂತ ಚೆನ್ನಾಗಿ ಗೊತ್ತು. ನಾನು ಕಾಯಿಲೆ ಬಿದ್ದರೆ ಡಾಕ್ಟರು ಹೇಳಬೇಕು, ಗಾಡಿ ಕಾಯಿಲೆ ಬಿದ್ದರೆ ಅವಳೇ ಹೇಳುತ್ತಾಳೆ.

ಹೊರಟೆವು. ಜೇಬಿನ ಪ್ಲಗ್ಗುಗಳನ್ನು ಬೀಗರ ಕಣ್ಣೆದುರು ಹೆಂಡತಿಯ ಚೀಲಕ್ಕೆ ಹಾಕಿದೆ. ಸೊಸೆ ತನ್ನ ಗಾಡಿಯಲ್ಲಿ ಹಿಂದೆ, ಪಂಚಾಯ್ತಿ ಮಾಡಲು. ಕಾರಿದ್ದ ಮಗ ಮಾತ್ರ, "ನಿಮ್ಮಲ್ಲಿ ಯಾರೂ ದೊಡ್ಡೋರಿಲ್ವಾ?" ಎಂದು ಕೇಳಿ ಮತ್ತೆ ಮಲಗಿದ.

ಕೊಂಡಜ್ಜಿಯವರೆಗೆ ನನ್ನ ಗಾಡಿ ಹೋದ ಪರಿಯನ್ನು ಹೊಗಳಲು ನನಗೇ ನಾಚಿಕೆ. ಆದರೂ ಹೊಗಳುತ್ತೇನೆ. ಊರು ದಾಟಿದ ಕೂಡಲೆ ಆಕ್ಸಿಲೇಟರ್ ತಿರುವಿದೆ. ಎರಡು ಸಿಲಿಂಡರೂ ಒಂದೇ ಕೊರಳಲ್ಲಿ ಕಿರುಚಿದವು. ಬೀಗರು ನನ್ನ ಹೊಗೆಯಲ್ಲಿ ಮರೆಯಾದರು. ಹೆಂಡತಿ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ನನ್ನ ಹೆಗಲು ಹಿಡಿದು, "ಸ್ವಲ್ಪ ನಿಧಾನ್ಕ ಹೋಗ್ರಿ, ವಯಸ್ಸು ಅದಲ್ಲ" ಎಂದಳು. ಆದರೆ ದನಿಯಲ್ಲಿ ನಗುವಿತ್ತು, ನನಗೆ ಬೆನ್ನಿನಲ್ಲೇ ಗೊತ್ತಾಯಿತು.

ಕೆರೆಯ ದಂಡೆಯಲ್ಲಿ ನೆರಳು ನೋಡಿ ನಿಂತೆವು. ಹೆಂಡತಿ ಚೀಲದಿಂದ ಮಂಡಕ್ಕಿ ಒಗ್ಗರಣೆ, ಪೇಪರಿನಲ್ಲಿ ಸುತ್ತಿದ ಮೆಣಸಿನಕಾಯಿ ಬಜ್ಜಿ ತೆಗೆದಳು. ತಿಂದ ಮೇಲೆ ಬೀಗರು ಕೈ ತೊಳೆಯಲು ನೀರಿನ ಕಡೆ ಇಳಿದರು. ಹೆಂಡತಿ ಡಬ್ಬಿ ತೊಳೆಯಲು ಹೋದಳು. ಸೊಸೆ ಮರದ ಬುಡದಲ್ಲಿ ಕೂತು ಉಳಿದ ಮಂಡಕ್ಕಿ ಮುಗಿಸುತ್ತಿದ್ದಳು, ಕಣ್ಣು ಮೊಬೈಲಿನ ಮೇಲೆ.

ನಾನು ಬೀಗರ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಮೆಚ್ಚಿ ನೋಡುವವನಂತೆ ಟ್ಯಾಂಕ್ ಸವರಿದೆ. ಟ್ಯಾಂಕಿನ ಕೆಳಗೆ ಕೈ ಹೋಯಿತು. ಪ್ಲಗ್ಗಿನ ಮೇಲೆ ಒಂದು ರಬ್ಬರಿನ ಟೋಪಿಯಿರುತ್ತದೆ, ಕರೆಂಟು ಬರುವುದು ಅದರಿಂದಲೇ. ಒಂದನ್ನು ಮೆಲ್ಲಗೆ ಎತ್ತಿ, ಕೂತಂತೆಯೇ ಕಾಣುವ ಹಾಗೆ ಬಿಟ್ಟೆ. ಕೆಂಪು ಸ್ವಿಚ್ಚು ನೋಡುವವರು ಇದನ್ನು ನೋಡುವುದಿಲ್ಲ. ಫಿಟ್ಟರ್ ಕೈ, ಇನ್ನೂ ನಡುಗಿಲ್ಲ.

ಕೆಲಸ ಮುಗಿಸಿ ಏನೂ ಅರಿಯದವನಂತೆ ಕೆರೆಯ ಹಕ್ಕಿಗಳನ್ನು ನೋಡಲು ದಂಡೆಯ ಮೇಲೆ ಅಷ್ಟು ದೂರ ನಡೆದುಹೋದೆ. ಜೀವನದಲ್ಲಿ ಮೊದಲ ಸಲ ಹಕ್ಕಿಗಳು ಇಷ್ಟು ಚೆಂದ ಕಂಡವು. ವಾಪಸ್ ಬಂದಾಗ ಬೀಗರು ತಮ್ಮ ಗಾಡಿಯ ಮೇಲೆ ಕೂತು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಅಭಿಷೇಕ ಮುಗಿಸಿ ಬಂದವರ ಶಾಂತಿಯಿತ್ತು.

"ಹೋಗಾಣೇನ್ರಿ ಬೀಗ್ರೆ?"

"ನಿಮ್ಮ ಅಪ್ಪಣೆ ಬೀಗ್ರೆ."

ಅವರು ಗುಂಡಿ ಒತ್ತಿದರು. ಹೊತ್ತಿತು, ಆದರೆ ಕುಂಟುತ್ತಾ. ಡುಗ್... ಡುಗ್... ನನಗೆ ಒಳಗೊಳಗೇ ಹಬ್ಬ. ನಾನು ಕಿಕ್ ಹೊಡೆದೆ. ಹೊತ್ತಲಿಲ್ಲ. ಮತ್ತೆ ಹೊಡೆದೆ. ಮೊಣಕಾಲು ಲಟಕ್ ಎಂದಿತು. ಇನ್ನೂ ನಾಲ್ಕಾರು ಒದ್ದ ಮೇಲೆ ಹೊತ್ತಿತು. ಅದೂ ಕುಂಟುತ್ತಾ.

ರಸ್ತೆಗೆ ಬಂದು ಅರ್ಧ ಫರ್ಲಾಂಗು ಆಗಿರಲಿಲ್ಲ, ಹೆಂಡತಿ ನನ್ನ ಕಿವಿಯ ಹತ್ತಿರ ಬಾಗಿದಳು.

"ರೀ, ಎಡಗಡೇದು ಮಲಗೈತೆ."

"ಗೊತ್ತೈತೆ, ಸುಮ್ನಿರು. ನೆನೆದೈತೆ, ಒಣಗ್ತೈತೆ."

ಬೀಗರ ಗಾಡಿಯ ಕಡೆ ಕಿವಿ ಕೊಟ್ಟಳು. ಮತ್ತೆ ಬಾಗಿದಳು. "ಬೀಗರದ್ದೂ ಒಂದು ಮಲಗೈತೆ."

ನಾನು ರಸ್ತೆ ನೋಡಿದೆ.

"ಏನ್ ಮಾಡಿದ್ರಿ?"

"ನಾನೇನ್ ಮಾಡ್ಲಿ?"

ಅವಳು ನನ್ನ ಸೊಂಟದ ಪಕ್ಕ ಹಿಡಿದು ಚಿವುಟಿದಳು. ಗಾಡಿ ಎಳೆಯದಿದ್ದರೂ ನಾನು ಮುಂದಕ್ಕೆ ಜಿಗಿದೆ.

ಆ ದಾರಿಯ ಮೆರವಣಿಗೆಯನ್ನು ಏನೆಂದು ಬಣ್ಣಿಸಲಿ. ಮುಂದೆ ನಾನು, ಜೋಡೆತ್ತಿನಲ್ಲಿ ಒಂದೆತ್ತು ಮಲಗಿದವನು. ಪಕ್ಕದಲ್ಲಿ ಬೀಗರು, ಅವರದ್ದೂ ಹಾಗೇ. ನನಗೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮತ್ತೆ ಹೊತ್ತದು. ಹೊತ್ತದಿದ್ದರೆ ತಳ್ಳಬೇಕು, ತಳ್ಳಿದರೆ ಗಾಡಿ ಹೋಯಿತು. ಅವರೂ ನಿಲ್ಲಿಸಲಿಲ್ಲ. ಎತ್ತಿನ ಗಾಡಿಯೊಂದು ಜೊತೆಯಲ್ಲಿದ್ದಿದ್ದರೆ ನಮ್ಮನ್ನು ಹಿಂದೆ ಹಾಕುತ್ತಿತ್ತು. ಬೀಗರ ಗಾಡಿ ನಡುನಡುವೆ ಸೈಲೆನ್ಸರಿನಲ್ಲಿ ಢಮ್ ಎಂದು ಪಟಾಕಿ ಹೊಡೆಯುತ್ತಿತ್ತು, ನನ್ನದು ಮುದುಕಿಯಂತೆ ಕೆಮ್ಮುತ್ತಿತ್ತು.

"ಯಾಕ್ರಿ ಬೀಗ್ರೆ, ನಿಧಾನ?" ಎಂದೆ.

"ಗದ್ದೆ ನೋಡ್ಕಂತ ಹೊಂಟೀನಿ. ಹಸಿರು ಕಣ್ಣಿಗೆ ಒಳ್ಳೇದು. ನೀವ್ಯಾಕ?"

"ನಿಮ್ ಅಕ್ಕಾರಿಗೆ ಗಾಳಿ ಆಗಂಗಿಲ್ಲ."

"ನಂಗೇನೂ ಆಗಿಲ್ಲ" ಎಂದಳು ಅಕ್ಕಾರು.

ಬೀಗರು ನಕ್ಕರು. ನಾನೂ ನಕ್ಕೆ. ನಾನು ನಕ್ಕದ್ದು ಯಾಕೆಂದು ನನಗೆ ಗೊತ್ತಿತ್ತು, ಅವರು ನಕ್ಕದ್ದು ಯಾಕೆಂದು ಮಾತ್ರ ಹೊಳೆಯಲಿಲ್ಲ. ಹಿಂದೆ ಸೊಸೆಯ ಗಾಡಿ ಎರಡನೇ ಗೇರಿನಲ್ಲಿ ಹೊಲಿಗೆ ಹಾಕುತ್ತಾ ಬರುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಹೆಲ್ಮೆಟ್ಟಿನೊಳಗೆ ಮುಖ ಕಾಣದು, ಆದರೆ ಭುಜ ಕುಣಿಯುತ್ತಿತ್ತು. ರಸ್ತೆ ಸರಿಯಿಲ್ಲ ಅಂದುಕೊಂಡೆ.

ಒಂದು ಹಳ್ಳಿಯ ಹತ್ತಿರ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಕೋಲು ಹಿಡಿದು ಕಾಯುತ್ತಿದ್ದ ಯಜಮಾನರೊಬ್ಬರು ನಾವು ಬರುವುದನ್ನು ನೋಡಿ ಎದ್ದು ನಿಂತರು, ಬಹಳ ಹೊತ್ತು ನಿಂತೇ ಇದ್ದರು, ನಾವು ಅಷ್ಟು ನಿಧಾನ. ಎದುರಿಗೆ ಬಂದಾಗ ಕೇಳಿದರು:

"ಏನ್ರಪ್ಪಾ, ಎರಡೂ ಗಾಡಿಗೆ ಶೀತ ಆಗೈತಾ?"

ಬೀಗರ ಗಾಡಿ ನಮ್ಮ ಪರವಾಗಿ ಢಮ್ ಎಂದಿತು. ಮೆಕ್ಕೆಜೋಳ ಹೆಕ್ಕುತ್ತಿದ್ದ ಕೋಳಿಗಳು ಓಡಿದವು.

ಹರಿಹರ ಬಂತು. ಬೀಗರ ಮನೆಯಿರುವ ಬೀದಿ ಹೊಳೆಯ ಕಡೆಗೆ ಇಳಿಜಾರು. ಆ ಬೀದಿಯ ಬಾಯಿಗೆ ಬಂದು ತಿರುಗಿಸಿದೆ, ಅಷ್ಟೆ, ನನ್ನ ಗಾಡಿ ಒಂದು ದೀರ್ಘ ಉಸಿರು ಬಿಟ್ಟು ಸುಮ್ಮನಾಯಿತು. ಬೀಗರು ನಮ್ಮನ್ನು ದಾಟಿ ಡುಗ್ ಡುಗ್ ಎಂದು ಮುಂದೆ ಹೋದರು. ಹೋಗುತ್ತಾ ತಿರುಗಿ ನೋಡಿದರು. ಅವರ ಗೇಟು ಕಾಣುತ್ತಿತ್ತು, ತೆರೆದೇ ಇತ್ತು. ಗೇಟಿನೊಳಗೆ ಆ ತಗಡು ಬಿಸಿಲಿಗೆ ಹಲ್ಲು ಕಿರಿಯುತ್ತಿತ್ತು.

ಕಿಕ್ ಒದ್ದೆ. ಇಲ್ಲ. ಮತ್ತೆ ಒದ್ದೆ. ಮೊಣಕಾಲು ಮಾತ್ರ ಹೊತ್ತಿಕೊಂಡಿತು. ಈ ಗಾಡಿಯನ್ನು ಬಿಟ್ಟು ಬಸ್ಸಿನಲ್ಲಿ ದಾವಣಗೆರೆಗೆ ಹೋಗುವ ನನ್ನನ್ನು ನಾನೇ ಕಿಟಕಿಯಲ್ಲಿ ಕಂಡೆ. ಖಾಲಿ ಪೋರ್ಟಿಕೋ ಕಂಡೆ, ಅಲ್ಲಿ ಮಗನ ಕಾರು ಆರಾಮಾಗಿ ಕಾಲು ಚಾಚಿದ್ದನ್ನು ಕಂಡೆ. ಇಷ್ಟು ವರ್ಷ ಎಲ್ಲರನ್ನೂ ನಗಿಸಿದವನು ಆ ಬೀದಿಯ ತುದಿಯಲ್ಲಿ ಒಂದು ಕ್ಷಣ ನಿಜವಾಗಿ ನಗು ಮರೆತೆ.

ಹೆಂಡತಿ ಇಳಿದಳು. ಸೆರಗು ಸರಿಮಾಡಿಕೊಂಡಳು.

"ತಳ್ಳಬ್ಯಾಡ ಕಣೆ!" ಎಂದು ಕೂಗಿದೆ.

"ಯಾರು ತಳ್ತಾರೆ? ನೀವು ಬ್ರೇಕ್ ಯಾಕ ಹಿಡ್ಕಂಡೀರಿ?"

ನೋಡಿಕೊಂಡೆ. ಹೆದರಿಕೆಯಲ್ಲಿ ನನ್ನ ಕೈ ಬ್ರೇಕನ್ನು ಕಚ್ಚಿ ಹಿಡಿದಿತ್ತು. ಇಡೀ ಜೀವಮಾನದಲ್ಲಿ ಆ ಬ್ರೇಕು ಕೆಲಸ ಮಾಡಿದ್ದು ಅವತ್ತೊಂದೇ ದಿನ.

"ನ್ಯೂಟ್ರಲ್ ಮಾಡ್ರಿ. ಬ್ರೇಕ್ ಬಿಡ್ರಿ. ಬೀದಿ ಇಳಿಜಾರೈತೆ, ತಾನೇ ಹೋಗ್ತೈತೆ. ನಾನು ನಡಕಂಡು ಬರ್ತೀನಿ."

ಬಿಟ್ಟೆ. ಗಾಡಿ ಒಂದು ಕ್ಷಣ ಯೋಚಿಸಿತು. ಆಮೇಲೆ ಸದ್ದಿಲ್ಲದೆ, ದಿಬ್ಬಣದ ಗತ್ತಿನಲ್ಲಿ ಉರುಳಿತು. ಚೀಲ ಹಿಡಿದ ಹೆಂಡತಿ ಪಕ್ಕದಲ್ಲಿ ಬಿರುಸಾಗಿ ನಡೆಯುತ್ತಾ, ದಾರಿಗೆ ಅಡ್ಡ ಬಂದ ನಾಯಿಯನ್ನು "ಹಚಾ ಹಚಾ" ಎಂದು ಓಡಿಸುತ್ತಾ ಬಂದಳು. ಗೇಟು ದಾಟಿತು. ದಾಟಿ, ಇನ್ನೂ ನಾಲ್ಕು ಮಾರು ಉರುಳಿ, ನನ್ನ ಮಾತು ಕೇಳದೆ ಸೀದಾ ತಗಡಿನ ಕೆಳಗೆ, ಆ ಮರಳಿನ ಮೇಲೆ ಹೋಗಿ ನಿಂತಿತು. ನಿಂತು, ಒಂದು ತೊಟ್ಟು ಎಣ್ಣೆ ಹಾಕಿತು.

ಬೀಗರು ಚಪ್ಪಾಳೆ ತಟ್ಟಿದರು. "ನೋಡ್ರಿ, ಅದಕ್ಕೇ ಗೊತ್ತೈತೆ ತನ್ ಜಾಗ!"

"ಗೇಟು ದಾಟೈತೆ. ತಳ್ಳಿಲ್ಲ. ಯಾರನ್ನಾದ್ರೂ ಕೇಳ್ರಿ."

"ಇಂಜಿನ್ ಸತ್ತು ಬಂದಿದ್ದು ಬಂದಂಗಲ್ಲ ಬೀಗ್ರೆ. ಹೆಣಾನೂ ಇಳಿಜಾರ‍್ನಾಗೆ ಉರುಳ್ತೈತೆ."

"ಹಂಗಾದ್ರೆ ನಿಮ್ದು ಹಚ್ರಿ ನೋಡಾಣ."

ಬೀಗರು ಠೀವಿಯಿಂದ, ಒಳಗೆ ಬಂದು ಆರಿಸಿದ್ದ ತಮ್ಮ ಗಾಡಿಯ ಗುಂಡಿ ಒತ್ತಿದರು. ಕೆಂಪು ಸ್ವಿಚ್ಚು ನೋಡಿದರು, ಸ್ಟ್ಯಾಂಡ್ ನೋಡಿದರು, ಗೇರು ನೋಡಿದರು. ಗಾಡಿ ಉಸ್ಸೆಂದಿತು, ಢಮ್ ಎಂದಿತು, ಏಳಲಿಲ್ಲ. ಸದ್ದು ಕೇಳಿ ಬೀಗಿತ್ತಿಯವರು ಒಳಗಿನಿಂದ ಲಟ್ಟಣಿಗೆ ಹಿಡಿದೇ ಬಂದರು.

ಆಗ ಸೊಸೆ ಬಂದು ಹೆಲ್ಮೆಟ್ಟು ತೆಗೆದಳು. ಕಣ್ಣಲ್ಲಿ ನೀರು. ಅಳುತ್ತಿದ್ದಾಳೆಂದು ಗಾಬರಿಯಾದೆ. ಅವಳು ನಕ್ಕು ನಕ್ಕು ಸುಸ್ತಾಗಿದ್ದಳು. ಅಪ್ಪನ ಗಾಡಿಯ ಹತ್ತಿರ ಹೋಗಿ ಟ್ಯಾಂಕಿನ ಕೆಳಗೆ ಕೈ ಹಾಕಿ ಒತ್ತಿದಳು. ಟಕ್. ಆಮೇಲೆ ನನ್ನ ಗಾಡಿಯ ಹತ್ತಿರ ಬಂದು ಎಡಗಡೆಯ ಪ್ಲಗ್ಗಿನ ಟೋಪಿ ಒತ್ತಿದಳು. ಟಕ್.

ಆ ಎರಡನೆಯ ಟಕ್ಕನ್ನು ಕೇಳಿ ನಾನು ಬೀಗರ ಮುಖ ನೋಡಿದೆ. ಬೀಗರು ಮೊದಲನೆಯ ಟಕ್ಕನ್ನು ಕೇಳಿ ಆಗಲೇ ನನ್ನ ಮುಖ ನೋಡುತ್ತಿದ್ದರು.

"ಕೆರೆ ದಂಡೀಲಿ ಅಪ್ಪಾಜಿ ಕೈ ತೊಳ್ಯಾಕೆ ಹೋದ್ರು. ಮಾವಾರು ಅಪ್ಪಾಜಿ ಗಾಡಿಗೆ ಕೈ ಹಾಕಿದ್ರು," ಎಂದಳು ಸೊಸೆ. "ಆಮೇಲೆ ಮಾವಾರು ಹಕ್ಕಿ ನೋಡಾಕೆ ಹೋದ್ರು. ಅಪ್ಪಾಜಿ ಮಾವಾರ ಗಾಡಿಗೆ ಕೈ ಹಾಕಿದ್ರು. ನಾನು ಮಂಡಕ್ಕಿ ತಿಂತಿದ್ದೆ."

"ನಿಮಗೆ ಪ್ಲಗ್ಗಿನ ಟೋಪಿ ಹೆಂಗ್ ಗೊತ್ತು ಬೀಗ್ರೆ?" ನನಗೆ ಆಶ್ಚರ್ಯ ತಡೆಯಲಾಗಲಿಲ್ಲ.

"ನೀವೇ ಹೇಳಿದ್ರಲ್ರಿ! ಬಂದಾಗೆಲ್ಲ ಪ್ಲಗ್ಗು ಪ್ಲಗ್ಗು ಅಂತ ಕಿವಿ ತೂತು ಬೀಳಂಗೆ ಪಾಠ ಮಾಡೀರಿ."

"ನೀನು ಬಾಯ್ಬಿಟ್ಟು ಹೇಳ್ಬಾರ್ದಾಗಿತ್ತೇನೆ?" ಎಂದು ಬೀಗಿತ್ತಿ ಮಗಳನ್ನು ಕೇಳಿದರು.

"ಯಾರಿಗೆ ಹೇಳ್ಲಿ? ಒಬ್ರಿಗೆ ಹೇಳಿದ್ರೆ ಒಬ್ರು ಗೆಲ್ತಿದ್ರು. ಸುಮ್ನಿದ್ರೆ ಇಬ್ರೂ ಸೋಲ್ತಾರೆ ಅಂತ ಸುಮ್ನಿದ್ದೆ."

ನಾನು ಕಿಕ್ ಹೊಡೆದೆ. ಒಂದೇ ಒದೆ, ಎರಡೂ ಸಿಲಿಂಡರು ಒಟ್ಟಿಗೆ ಎದ್ದವು. ತಗಡಿನ ಕೆಳಗೆ ಆ ಸದ್ದು ಡೊಳ್ಳಿನಂತೆ ಮೊಳಗಿತು. ಬೀಗರ ಗಾಡಿಯೂ ಇನ್ನೆರಡು ಸಲ ಕೊಸರಾಡಿ ಹೊತ್ತಿತು. ಇಬ್ಬರೂ ಗಾಡಿಗಳನ್ನು ಗುರುಗುಟ್ಟಿಸುತ್ತಾ ಒಬ್ಬರನ್ನೊಬ್ಬರು ನೋಡಿ ಹಲ್ಲು ಬಿಟ್ಟೆವು. ಒಂದು ಮಾತು ಒಪ್ಪಿಕೊಳ್ಳಬೇಕು: ಒಂದೇ ಸಿಲಿಂಡರಿನಲ್ಲಿ ಅವರದು ಗೇಟಿನವರೆಗೆ ಉಸಿರಿಟ್ಟುಕೊಂಡು ಬಂತು, ನನ್ನದು ಬರಲಿಲ್ಲ. ಆದರೆ ಎದ್ದದ್ದು ನನ್ನದೇ ಮೊದಲು. ಇದರಲ್ಲಿ ಯಾವುದು ಹೆಚ್ಚು ಎಂದು ನೀವೇ ತೀರ್ಮಾನಿಸಿ. ನಾನಂತೂ ತೀರ್ಮಾನಿಸಿಯಾಗಿದೆ.

ತೀರ್ಪು ಹೇಳಿದವಳು ನನ್ನ ಹೆಂಡತಿ. "ಗಾಡಿ ತಳ್ಳಿಲ್ಲ, ಗೇಟು ದಾಟೈತೆ. ಅದು ನಮ್ ಸಂಗಡ ವಾಪಸ್ ಬರ್ತೈತೆ. ಆಮೇಲೆ ಬೀಗ್ರೆ, ನಿಮ್ದು ಗೇಟೊಳಗೆ ನಿಂತೈತೆ, ಇವರದ್ದು ಬೀದ್ಯಾಗೆ ನಿಂತೈತೆ. ನಿಂತೋರು ಏನ್ ಮಾಡ್ಬೇಕು ಅಂತ ನೀವೇ ಅಂದಿದ್ರಿ. ಇಬ್ರೂ ಮಾಡ್ರಿ."

"ಯಾರ್ ಹಿಂದೆ ಕೂಡ್ರಾದು?" ಎಂದೆ ಹೆದರಿ.

ಅವಳು ಸೊಸೆಯ ಗಾಡಿ ತೋರಿಸಿದಳು. ಬೆಳಗಿನಿಂದ ಎರಡೂ ಸಿಲಿಂಡರಿನಲ್ಲಿ ಓಡಿದ್ದು ಅದೊಂದೇ.

ಮೊದಲ ಸುತ್ತು ನನ್ನದು. ಎರಡೂ ಕಾಲು ಎಡಕ್ಕೆ ಹಾಕಿ, ಮಡಿಲಲ್ಲಿ ಹೆಂಡತಿಯ ಚೀಲ ಇಟ್ಟುಕೊಂಡು ಕೂತೆ. ಚೀಲವೂ ಶಿಕ್ಷೆಯ ಭಾಗ ಎಂದು ಅವಳು ತಾನೇ ಸೇರಿಸಿದ್ದಳು. ಗಾಡಿ ಹೊರಟ ಕೂಡಲೆ ಗೊತ್ತಾಯಿತು, ಹಿಡಿಯಲು ಏನೂ ಇಲ್ಲ. ಮುಂದಿನದು ಕಾಣದು, ಪಕ್ಕದ ಅಂಗಡಿಗಳು ಮಾತ್ರ ಕಾಣುತ್ತವೆ, ಅಂಗಡಿಗಳಿಗೆ ನಾವು ಪೂರ್ತಿ ಕಾಣುತ್ತೇವೆ. ರಸ್ತೆಯ ಪ್ರತಿ ಉಬ್ಬಿಗೂ ನಾನು "ಅಯ್ಯಯ್ಯೋ" ಎಂದೆ. "ಅತ್ತೆ ಇಷ್ಟು ವರ್ಷದಾಗೆ ಒಂದಿನಾನೂ ಕೂಗಿಲ್ಲ ಮಾವಾರೆ" ಎಂದಳು ಸೊಸೆ, ಇನ್ನೂ ಸ್ವಲ್ಪ ಜೋರು ಮಾಡಿ. ಅದಕ್ಕೆ ಕಥೆಯಿಲ್ಲ ಎಂದಿದ್ದೆನಲ್ಲ, ಆ ಗಾಡಿ ಅವತ್ತು ನನ್ನ ಮೇಲೇ ಒಂದು ಕಥೆ ಮಾಡಿಕೊಂಡಿತು. ನಾನು ಹೆದರಿದ್ದು ತೋರಿಸಿಕೊಳ್ಳದೆ ಎರಡೂ ಕಡೆಯ ಅಂಗಡಿಯವರಿಗೆ ಮಂತ್ರಿಯಂತೆ ಕೈ ಬೀಸಿದೆ. ಕೆಲವರು ವಾಪಸ್ ಬೀಸಿದರು.

ಎರ‍ಡನೆಯ ಸುತ್ತು ಬೀಗರದು. ಅದನ್ನು ನೋಡಲು ನಾನು ಬಜಾರಿನ ತಿರುವಿನಲ್ಲೇ ಇಳಿದು ನಿಂತಿದ್ದೆ. ಮೀಸೆ ತಿರುವಿಕೊಂಡು, ಚೀಲ ಅಪ್ಪಿಕೊಂಡು, ಮಗಳ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಬಂದರು. ಅವರ ಅಂಗಡಿಯ ಎದುರಿನ ಬೀಗದ ಕೈ ರಿಪೇರಿಯ ಸಾಬರು ಕೆಲಸ ಬಿಟ್ಟು ಎದ್ದು ನಿಂತರು.

"ಕ್ಯಾ ಸೇಠ್! ದುಲ್ಹನ್ ಎಲ್ಲಿಗೆ ಹೊಂಟೈತೆ?"

"ತವರಿಗೆ!" ಎಂದು ಮದುಮಗಳ ಪರವಾಗಿ ನಾನು ಆಚೆ ಕಡೆಯಿಂದ ಕೂಗಿದೆ. ಇಡೀ ಬಜಾರು ನಕ್ಕಿತು. ಬೀಗರು ಕೈ ಮುಗಿದು, ಬಹುವಚನದಲ್ಲೇ, ಇಲ್ಲಿ ಬರೆಯಲಾಗದ ಒಂದು ಮಾತು ಹೇಳಿದರು.

ಊಟ ಮಾಡಿ, ಬಿಸಿಲು ಇಳಿದ ಮೇಲೆ ಹೊರಟೆವು. ತಗಡಿನ ಕೆಳಗೆ ಈಗ ಸೊಸೆಯ ಗಾಡಿ ನಿಂತಿತ್ತು. ಅವಳು ಎರಡು ದಿನ ತವರಿನಲ್ಲಿರುವವಳಿದ್ದಳು. "ಇರ್ಲಿ, ಅದರ ಪಕ್ಕ ಇನ್ನೊಂದು ನಿಲ್ಲೋವಷ್ಟು ಜಾಗ ಐತೆ ಬೀಗ್ರೆ" ಎಂದು ಬೀಗರು ಗೇಟಿನವರೆಗೆ ಬಂದು ನೆನಪಿಸಿದರು. "ಮರಳು ಬದ್ಲಾಯಿಸ್ರಿ, ಎಣ್ಣೆ ಆಗೈತೆ" ಎಂದೆ.

ಬಂದ ದಾರಿಯಲ್ಲೇ, ಕೊಂಡಜ್ಜಿಯ ಮೇಲೇ ವಾಪಸ್ ಹೋಗೋಣ ಎಂದವಳು ಹೆಂಡತಿ. ಈ ಸಲ ನಾನು ಆಕ್ಸಿಲೇಟರ್ ತಿರುವಿದಾಗ ನಿಧಾನ ಎನ್ನಲಿಲ್ಲ. ಹೆಗಲು ಬಿಟ್ಟು ಸೊಂಟ ಹಿಡಿದಳು, ಅಷ್ಟೆ. ಮೆಕ್ಕೆಜೋಳದ ಯಜಮಾನರು ರಾಶಿ ಮಾಡಿ ಚೀಲಕ್ಕೆ ತುಂಬುತ್ತಿದ್ದರು. ದೂರದಿಂದಲೇ ಸದ್ದು ಕೇಳಿ ಕೈಯೆತ್ತಿದರು.

"ಶೀತ ಬಿಡ್ತೇನ್ರಪ್ಪಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನನ್ನ ಹೆಂಡತಿ ಕೂಗಿದಳು:

"ಗಾಡಿಗೆ ಬಿಡ್ತು ಯಜಮಾನ್ರೆ! ಇವ್ರಿಗೆ ಇನ್ನೂ ಬಿಟ್ಟಿಲ್ಲ!"

ಅವರು ಏನೋ ಅಂದರು. ಕೇಳಿಸಲಿಲ್ಲ. ನಮ್ಮ ಹೊಗೆಯಲ್ಲಿ ಅವರೂ, ಅವರ ಕೋಳಿಗಳೂ, ಮೆಕ್ಕೆಜೋಳವೂ ಮರೆಯಾಗಿದ್ದವು.